ಬೈಕಂಪಾಡಿಯಲ್ಲಿ ಡೈನೋ ದಿನ, ಡಿಸೆಂಬರ್ ಮೊದಲ ಭಾನುವಾರ: ಯಾರೆಲ್ಲ ಬರುತ್ತೀರಿ?

ಕಿನ್ನಿಗೋಳಿ ಸ್ವಿಫ್ಟ್ | ನವೆಂಬರ್ 3

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಬರೀ ಬಾಯಲ್ಲೇ ಇದ್ದ ಮಾತು ಈ ಸಲ ಕೈಗೂಡುವ ಹಾಗೆ ಕಾಣುತ್ತಿದೆ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ರೋಲರ್ ಡೈನೋ ಕೂರಿಸಿದ್ದಾರೆ, ಅಂದರೆ ಕಾರನ್ನು ಕಟ್ಟಿ ನಿಲ್ಲಿಸಿ, ಚಕ್ರವನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ನಿನ್ನೆ ಮಾಲೀಕರ ಹತ್ತಿರ ಹೋಗಿ ಮಾತಾಡಿ ಬಂದೆ. ಡಿಸೆಂಬರ್ ಮೊದಲ ಭಾನುವಾರ ಇಡೀ ದಿನ ನಮಗೇ ಬಿಟ್ಟುಕೊಡುತ್ತಾರೆ. ಒಂದು ಕಾರಿಗೆ ಮೂರು ಪುಲ್ (ಪೆಡಲ್ ಪೂರ್ತಿ ತುಳಿದು ಓಡಿಸುವ ಒಂದೊಂದು ಓಟ), ಗ್ರಾಫ್ ಪ್ರಿಂಟ್ ಸೇರಿ 2,000 ರೂಪಾಯಿ.

ಹೊಸಬರಿಗಾಗಿ ಒಂದು ಮಾತು. ಕಂಪನಿಯವರು ಹೇಳುವ ಶಕ್ತಿ, ಅಂದರೆ ಬಿಎಚ್‌ಪಿ, ಎಂಜಿನ್ನಿನ ಕ್ರ್ಯಾಂಕ್ (ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ಶಾಫ್ಟ್) ಹತ್ತಿರದ್ದು. ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಟೈರ್ ಎಲ್ಲ ದಾಟಿ ಚಕ್ರಕ್ಕೆ ಬರುವಾಗ ಅದರಲ್ಲಿ ಶೇಕಡಾ 10ರಿಂದ 20ರಷ್ಟು ಹೋಗಿರುತ್ತದೆ. ರೋಲರ್ ಡೈನೋ ಅಳೆಯುವುದು ಚಕ್ರಕ್ಕೆ ಬಂದದ್ದನ್ನು. ಹಾಗಾಗಿ ನಂಬರ್ ಕಡಿಮೆ ಬಂತು ಅಂತ ಯಾರೂ ಬೇಸರ ಮಾಡಬೇಡಿ.

ನಾನು ಯಾಕೆ ಇದರ ಹಿಂದೆ ಬಿದ್ದಿದ್ದೇನೆ ಅಂತ ಹೇಳಬೇಕು. ನನ್ನದು 1.3 ಡೀಸೆಲ್ ಸ್ವಿಫ್ಟ್. ಕಂಪನಿ ಲೆಕ್ಕ 75 ಪಿಎಸ್, ಅಂದರೆ 74 ಬಿಎಚ್‌ಪಿ. ಎರಡು ವರ್ಷದ ಹಿಂದೆ ಶಿರಾಡಿ ಘಾಟ್ ಹತ್ತುವಾಗ ದಮ್ ಇಲ್ಲ ಅನಿಸುತ್ತಿತ್ತು. ಒಂದು ಸರ್ವಿಸ್ ಸೆಂಟರ್‌ನಲ್ಲಿ ಇಂಜೆಕ್ಟರ್ ಕ್ಲೀನ್ ಮಾಡಿದರು. ಇನ್ನೊಂದು ಕಡೆ ಟರ್ಬೋನೇ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ, ಬದಲಿಸಬೇಕು ಅಂದರು. ದೊಡ್ಡ ಮೊತ್ತ. ಕೊನೆಗೆ ಬೆಂಗಳೂರಿಗೆ ಹೋದಾಗ ಡೈನೋ ಮೇಲೆ ಹತ್ತಿಸಿದೆ. ಚಕ್ರದಲ್ಲಿ 62ರ ಹತ್ತಿರ ಬರಬೇಕಿತ್ತು. ಬಂದದ್ದು 51. ಆದರೆ ನಂಬರ್‌ಗಿಂತ ಗ್ರಾಫ್ ಜಾಸ್ತಿ ಹೇಳಿತು. 1,800 ಆರ್‌ಪಿಎಂ ವರೆಗೆ ಟಾರ್ಕ್ (ತಿರುಗಿಸುವ ಬಲ) ಗೆರೆ ಸರಿಯಾಗಿ ಏರುತ್ತದೆ, ಆಮೇಲೆ ಯಾರೋ ಕೈಯಿಟ್ಟು ಒತ್ತಿದ ಹಾಗೆ ಚಪ್ಪಟೆ. ಡೈನೋ ಹುಡುಗ ಅದನ್ನು ನೋಡಿ, 'ಸರ್, ಇದು ಟರ್ಬೋ ಹೋದದ್ದಲ್ಲ. ಪ್ರೆಶರ್ ಎಲ್ಲೋ ಸೋರುತ್ತಿದೆ' ಅಂದ. ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್ ಹೋಸ್‌ಗೆ ಸೋಪಿನ ನೀರು ಹಚ್ಚಿ, ಪೈಪಿಗೆ ಗಾಳಿ ಬಿಟ್ಟು ನೋಡಿದ. ಕ್ಲಾಂಪ್‌ನ ಸರಿ ಕೆಳಗೆ, ಉಗುರಿನಷ್ಟು ಉದ್ದದ ಬಿರುಕು. ಅಲ್ಲಿ ಗುಳ್ಳೆ ಏಳುತ್ತಾ ಇತ್ತು. ಸುತ್ತ ಎಣ್ಣೆಯ ಪಸೆ, ಅದಕ್ಕೆ ಧೂಳು ಅಂಟಿ ಕಪ್ಪಗಾಗಿತ್ತು. ಹೋಸ್ ಬದಲಿಸಿ ಮತ್ತೆ ಓಡಿಸಿದಾಗ 62 ಬಂತು.

ಅವತ್ತಿನಿಂದ ನನಗೆ ಅನಿಸಿದ್ದು ಇಷ್ಟೇ. ನಮ್ಮೂರಿನವರ ಕಾರಿಗೂ ಒಂದು ದಿನ ಹೀಗೆ ನಿಜವಾದ ಪರೀಕ್ಷೆ ಆಗಬೇಕು.

ಒಂದು ಕಾರಿಗೆ ಕಟ್ಟುವುದು, ಓಡಿಸುವುದು, ಬಿಚ್ಚುವುದು ಎಲ್ಲ ಸೇರಿ ಕಮ್ಮಿ ಅಂದರೂ 25 ನಿಮಿಷ ಬೇಕು. ಬೆಳಗ್ಗೆ 9ರಿಂದ ಸಂಜೆ 5ರ ವರೆಗೆ, ಊಟಕ್ಕೆ ಒಂದು ಗಂಟೆ ತೆಗೆದರೆ 16 ಕಾರು. ನಾನು 14ಕ್ಕೇ ನಿಲ್ಲಿಸುತ್ತೇನೆ. ಏನಾದರೂ ಒಂದು ಅಡಚಣೆ ಬಂದೇ ಬರುತ್ತದೆ.

ಮಣಿಪಾಲ ಪೋಲೋ | ನವೆಂಬರ್ 3

ಅಣ್ಣಾ, ನನ್ನ ಹೆಸರು ಮೊದಲು ಬರೆಯಿರಿ. ಪೋಲೋ 1.0 ಟಿಎಸ್‌ಐ ಮ್ಯಾನುಯಲ್. ಕಂಪನಿ ಲೆಕ್ಕ 110 ಪಿಎಸ್, 175 ಎನ್‌ಎಂ. ಕಳೆದ ವರ್ಷ ರೀಮ್ಯಾಪ್ ಮಾಡಿಸಿದೆ, ಅಂದರೆ ಪವರ್ ಏರಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ್ದು. ಮಾಡಿದವರು 'ಈಗ 135 ಉಂಟು' ಅಂದರು. ಗ್ರಾಫ್ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅದರಲ್ಲಿ ಗಾಡಿ ನಂಬರ್ ಇಲ್ಲ, ತಾರೀಕು ಇಲ್ಲ. ಬೇರೆ ಯಾರದ್ದೋ ಕಾರಿನದ್ದು ಅಂತ ಆಮೇಲೆ ಗೊತ್ತಾಯಿತು. ಒಂದು ವರ್ಷದಿಂದ ಅದು ಮನಸ್ಸಿನಲ್ಲಿ ಕೊರೆಯುತ್ತಾ ಇದೆ.

ಸುರತ್ಕಲ್ ಸಿಟಿ | ನವೆಂಬರ್ 4

ನಾನೂ ಬರುತ್ತೇನೆ. ಸಿಟಿ 1.5 ಐವಿಟೆಕ್, 119 ಪಿಎಸ್. ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಹೋದ ವರ್ಷ ಓಡಿಸಿದಾಗ ಚಕ್ರದಲ್ಲಿ 90 ಬಂದಿತ್ತು. ಇಲ್ಲಿ ಬರುವ ನಂಬರನ್ನು ಅದರ ಪಕ್ಕ ಇಟ್ಟು ನೋಡಬಹುದಾ? ಇಲ್ಲಿನ ಸೆಕೆಗೆ ಇನ್ನೂ ಕಡಿಮೆ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ.

ಕಿನ್ನಿಗೋಳಿ ಸ್ವಿಫ್ಟ್ | ನವೆಂಬರ್ 4

ಒಳ್ಳೆ ಪ್ರಶ್ನೆ. ನಿಮ್ಮ ಕಾರಿಗೆ ಇಲ್ಲಿ ಜಾಸ್ತಿಯೇ ಬರಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಹೊರಗಿನ ಗಾಳಿ ಎಷ್ಟಿದೆಯೋ ಅಷ್ಟನ್ನೇ ಎಳೆದುಕೊಳ್ಳುವುದು. ನಮ್ಮ ಸೆಕೆ ಮತ್ತು ತೇವ ಅದರಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ, ನಿಜ. ಗಾಳಿಯಲ್ಲಿ ನೀರಾವಿ ಸೇರಿದಷ್ಟೂ ಆಮ್ಲಜನಕಕ್ಕೆ ಜಾಗ ಕಡಿಮೆ. ಆದರೂ ಲೆಕ್ಕ ಹಾಕಿದರೆ ಕರಾವಳಿಗೆ ಶೇಕಡಾ 7-8 ಲಾಭ ಉಳಿಯುತ್ತದೆ.

ಇದನ್ನು ಸರಿದೂಗಿಸಲು ಡೈನೋ ಸಾಫ್ಟ್‌ವೇರ್‌ನಲ್ಲಿ ಕರೆಕ್ಷನ್ ಅಂತ ಇರುತ್ತದೆ. ಎಸ್‌ಎಇ ಅನ್ನುವ ಎಂಜಿನಿಯರ್‌ಗಳ ಸಂಸ್ಥೆಯ ಜೆ1349 ಮಾನದಂಡದ ಪ್ರಕಾರ 25 ಡಿಗ್ರಿ ಉಷ್ಣತೆ, ತೇವ ಬಿಟ್ಟು 99 ಕಿಲೋಪ್ಯಾಸ್ಕಲ್ ಒತ್ತಡ, ಈ ಲೆಕ್ಕಕ್ಕೆ ನಂಬರ್ ಬದಲಾಗುತ್ತದೆ. ಎಸ್‌ಟಿಡಿ ಅಂತ ಇನ್ನೊಂದು ಹಳೆಯ ಲೆಕ್ಕ ಇದೆ. ಅದು 15.5 ಡಿಗ್ರಿಯದ್ದು. ಅದೇ ಕಾರು, ಅದೇ ಪುಲ್, ಆದರೆ ಎಸ್‌ಟಿಡಿ ಆರಿಸಿದರೆ ಸುಮಾರು ಶೇಕಡಾ 4 ಜಾಸ್ತಿ ತೋರಿಸುತ್ತದೆ. ಸುಮ್ನೆ ಒಂದು ಬಟನ್ ಒತ್ತಿದ್ದಕ್ಕೆ ಹೆಚ್ಚಾದ ಬಿಎಚ್‌ಪಿ ಅದು. ಟರ್ಬೋ ಕಾರಿಗಂತೂ ಈ ಕರೆಕ್ಷನ್ ಪೂರ್ತಿ ಹಾಕಿದರೆ ಅನ್ಯಾಯ. ಗಾಳಿ ತೆಳುವಾದರೆ ಟರ್ಬೋ ಜಾಸ್ತಿ ತಿರುಗಿ ತಾನೇ ಸರಿಮಾಡಿಕೊಂಡಿರುತ್ತದೆ. ಅದರ ಮೇಲೆ ನಾವು ಇನ್ನೊಮ್ಮೆ ಸೇರಿಸಿದರೆ ಇಲ್ಲದ ಶಕ್ತಿಯನ್ನು ಇದೆ ಅಂತ ಬರೆದ ಹಾಗೆ.

ಅದಕ್ಕೇ ಮಾಲೀಕರ ಹತ್ತಿರ ಕೇಳಿಕೊಂಡಿದ್ದೇನೆ. ಪ್ರತಿ ಪ್ರಿಂಟಿನಲ್ಲೂ ಕರೆಕ್ಷನ್ ಇಲ್ಲದ ನಂಬರ್, ಎಸ್‌ಎಇ ನಂಬರ್, ಶೆಡ್ಡಿನ ಉಷ್ಣತೆ, ಯಾವ ಗೇರ್, ಗಾಡಿ ನಂಬರ್, ತಾರೀಕು, ಸಮಯ ಎಲ್ಲ ಇರಬೇಕು. ಒಪ್ಪಿದ್ದಾರೆ. ಜೊತೆಗೆ ನನ್ನ ಸ್ವಿಫ್ಟನ್ನು ಬೆಳಗ್ಗೆ ಮೊದಲು ಒಮ್ಮೆ, ಸಂಜೆ ಕೊನೆಗೆ ಒಮ್ಮೆ ಓಡಿಸುತ್ತೇನೆ. ದಿನದ ಬಿಸಿಗೆ ಎಷ್ಟು ವ್ಯತ್ಯಾಸ ಬಂತು ಅಂತ ಅದರಿಂದ ಗೊತ್ತಾಗುತ್ತದೆ. ಬೆಳಗ್ಗೆ ಬಂದವರಿಗೆ ಲಾಭ, ಮಧ್ಯಾಹ್ನದವರಿಗೆ ನಷ್ಟ ಅನ್ನುವ ಮಾತು ಬರಬಾರದು ಅಲ್ವಾ?

ಕದ್ರಿ ಗ್ಯಾರೇಜ್ | ನವೆಂಬರ್ 5

ನಾನು ಮೆಕ್ಯಾನಿಕ್. 19 ವರ್ಷದಿಂದ ಇದೇ ಕೆಲಸ. ಅವತ್ತು ನಾನು ಶೆಡ್‌ನಲ್ಲಿ ಇಡೀ ದಿನ ಇರುತ್ತೇನೆ, ಕಾರು ಕಟ್ಟುವ ಕೆಲಸ ನನಗೆ ಬಿಡಿ. ಆದರೆ ಕೆಲವು ವಿಷಯ ಈಗಲೇ ಹೇಳುತ್ತೇನೆ, ಆಮೇಲೆ ಗೇಟಿನಲ್ಲಿ ನಿಂತು ಜಗಳ ಬೇಡ.

ಟೈರ್ ಮೊದಲು. ರಿಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಹಾಕಿದ ಕಾರನ್ನು ನಾನು ರೋಲರ್ ಮೇಲೆ ಹತ್ತಿಸುವುದಿಲ್ಲ. ಸೈಡ್‌ನಲ್ಲಿ ಉಬ್ಬು, ಕಟ್ ಇದ್ದರೂ ಇಲ್ಲ. ನಾಲ್ಕನೇ ಗೇರಿನಲ್ಲಿ ಪುಲ್ ಮುಗಿಯುವಾಗ ಚಕ್ರ ಗಂಟೆಗೆ 150 ಕಿ.ಮೀ. ದಾಟಿ ತಿರುಗುತ್ತಿರುತ್ತದೆ. ಹಿಂದಿನ ದಿನ ಕೂತು ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಕಲ್ಲನ್ನೆಲ್ಲ ಸ್ಕ್ರೂಡ್ರೈವರ್‌ನಲ್ಲಿ ತೆಗೆಯಿರಿ. ನಮ್ಮ ಒಳರಸ್ತೆಗಳ ಜಲ್ಲಿ ಹೇಗೆ ಕಚ್ಚಿಕೊಂಡಿರುತ್ತದೆ ಅಂತ ನಿಮಗೇ ಗೊತ್ತು. ಆ ವೇಗದಲ್ಲಿ ಒಂದು ಕಲ್ಲು ಹಾರಿದರೆ ಗುಂಡು ಹಾರಿದ ಹಾಗೆ.

ಎಂಜಿನ್ ಆಯಿಲ್, ಕೂಲೆಂಟ್ ನೋಡಿ. ಎಲ್ಲಿಯಾದರೂ ಸೋರಿಕೆ ಇದ್ದರೆ ಬರುವ ಮೊದಲೇ ಸರಿಮಾಡಿಸಿ. ರೋಲರ್ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಅರ್ಧ ಗಂಟೆ ಒರೆಸುವ ಕೆಲಸ. ಟ್ಯಾಂಕ್ ಅರ್ಧ ಇರಲಿ. ಬಿಎಸ್6 ಡೀಸೆಲ್‌ನವರು ಡಿಪಿಎಫ್ ರೀಜನರೇಶನ್ (ಹೊಗೆಯ ಫಿಲ್ಟರ್ ಒಳಗಿನ ಮಸಿ ಸುಡುವ ಕೆಲಸ) ನಡೆಯುತ್ತಿದ್ದರೆ ಮೊದಲೇ ಹೇಳಿ. ಅದು ಮುಗಿಯದೆ ಓಡಿಸಿದರೆ ನಂಬರ್ ತಪ್ಪು ಬರುತ್ತದೆ.

ಆಟೋಮ್ಯಾಟಿಕ್‌ನವರು ಮ್ಯಾನುಯಲ್ ಮೋಡ್‌ನಲ್ಲಿ ಓಡಿಸಬೇಕು. ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಕಾರಿನಲ್ಲಿ ಪೆಡಲ್ ಪೂರ್ತಿ ತುಳಿದರೆ ಕೊನೆಯಲ್ಲಿ ಕ್ಲಿಕ್ ಅನ್ನುವ ಕಿಕ್‌ಡೌನ್ ಸ್ವಿಚ್ ಇರುತ್ತದೆ. ಅದು ತಾಗಿದರೆ ಪುಲ್ ಮಧ್ಯದಲ್ಲಿ ಗೇರ್ ಇಳಿದುಬಿಡುತ್ತದೆ. ಅದರ ಸ್ವಲ್ಪ ಮೊದಲೇ ಕಾಲು ನಿಲ್ಲಿಸುವುದು ಮನೆಯಲ್ಲೇ ಅಭ್ಯಾಸ ಮಾಡಿ ಬನ್ನಿ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಪಿ ಆಫ್ ಮಾಡುವುದು ನಿಮ್ಮ ಕಾರಿನಲ್ಲಿ ಹೇಗೆ ಅಂತ ಪುಸ್ತಕ ತೆಗೆದು ಓದಿ. ಮುಂದಿನ ಚಕ್ರ ಓಡುತ್ತಿದೆ, ಹಿಂದಿನದು ನಿಂತಿದೆ ಅಂತ ಕಂಡರೆ ಕಂಪ್ಯೂಟರ್ ಗಾಬರಿಯಾಗಿ ಪವರ್ ಕಟ್ ಮಾಡುತ್ತದೆ.

ಉಳ್ಳಾಲ ಥಾರ್ | ನವೆಂಬರ್ 5

ನಮ್ಮದು ಥಾರ್ 4x4. ಟು ವೀಲ್ ಡೈನೋ ಮೇಲೆ ಆಗುತ್ತದಾ?

ಕದ್ರಿ ಗ್ಯಾರೇಜ್ | ನವೆಂಬರ್ 5

2ಎಚ್‌ನಲ್ಲಿ ಹಾಕಿದರೆ ಹಿಂದಿನ ಚಕ್ರ ಮಾತ್ರ ಓಡುತ್ತದೆ, ಆಗುತ್ತದೆ. ಯಾವಾಗಲೂ ನಾಲ್ಕೂ ಚಕ್ರ ಓಡುವ ಕಾರು ಇದ್ದರೆ ಮಾತ್ರ ಆಗುವುದಿಲ್ಲ. ನಿಮ್ಮ ಟೈರ್ ಯಾವುದು? ಮಡ್ ಟೈರ್ ಆದರೆ ಬೇಡ. ಆ ದೊಡ್ಡ ಗಟ್ಟಿಗಳು ರೋಲರ್ ಮೇಲೆ ಬಿಸಿಯಾಗಿ ತುಂಡು ತುಂಡಾಗಿ ಕಿತ್ತು ಬರುತ್ತವೆ. ಕಂಪನಿ ಟೈರ್ ಇದ್ದರೆ ಅದನ್ನು ಹಾಕಿಕೊಂಡು ಬನ್ನಿ.

ಕಟಪಾಡಿ 800 | ನವೆಂಬರ್ 6

ಕೇಳಲು ಸ್ವಲ್ಪ ಸಂಕೋಚ. ನನ್ನದು 2003ರ ಮಾರುತಿ 800. ಅಪ್ಪ ತೆಗೆದ ಕಾರು, ಈಗ ನಾನು ಓಡಿಸುತ್ತೇನೆ. ಏನೂ ಮಾಡಿಫೈ ಮಾಡಿಲ್ಲ. ಇಂಥ ಕಾರಿಗೂ ಜಾಗ ಇದೆಯಾ?

ಕಿನ್ನಿಗೋಳಿ ಸ್ವಿಫ್ಟ್ | ನವೆಂಬರ್ 6

ಖಂಡಿತ ಇದೆ ಮಾರಾಯ್ರೇ. ನಿಮ್ಮ ಕಾರು ಬರಲೇಬೇಕು. 796 ಸಿಸಿ, 37 ಬಿಎಚ್‌ಪಿ. ಇಷ್ಟು ವರ್ಷದ ನಂತರ ಅದರಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ನನಗಂತೂ ಎಲ್ಲಕ್ಕಿಂತ ಹೆಚ್ಚು ಆಸೆ. ಕಂಪ್ಯೂಟರ್ ಜೋಡಿಸುವ ಒಬಿಡಿ ಪೋರ್ಟ್ ಇಲ್ಲದಿದ್ದರೂ ತೊಂದರೆ ಇಲ್ಲ. ಪ್ಲಗ್ ವೈರಿಗೆ ಒಂದು ಕ್ಲಾಂಪ್ ಹಾಕಿ ಆರ್‌ಪಿಎಂ ತೆಗೆಯುತ್ತಾರೆ. 10 ಗಂಟೆ ಸ್ಲಾಟ್ ನಿಮಗೆ.

ಪಡುಬಿದ್ರಿ ಎನ್ ಲೈನ್ | ನವೆಂಬರ್ 8

ಎಲ್ಲ ಚೆನ್ನಾಗಿದೆ. ಹೆಚ್ಚು ಬಿಎಚ್‌ಪಿ ತೆಗೆದವರಿಗೆ ಒಂದು ಟ್ರೋಫಿ ಇಟ್ಟರೆ ಹೇಗೆ? 5,000 ರೂಪಾಯಿ ನಾನು ಹಾಕುತ್ತೇನೆ. ಜನ ಜಾಸ್ತಿ ಸೇರುತ್ತಾರೆ.

ಕಿನ್ನಿಗೋಳಿ ಸ್ವಿಫ್ಟ್ | ನವೆಂಬರ್ 8

ನಿಮ್ಮ ಮನಸ್ಸು ದೊಡ್ಡದು. ಆದರೆ ಟ್ರೋಫಿ ಬೇಡ ಅಂತ ಕೈಮುಗಿದು ಕೇಳುತ್ತೇನೆ.

ಬಹುಮಾನ ಇಟ್ಟ ಕೂಡಲೇ ಇದು ಪರೀಕ್ಷೆ ಆಗಿ ಉಳಿಯುವುದಿಲ್ಲ, ಪಂದ್ಯ ಆಗುತ್ತದೆ. ಎಂಜಿನ್ ಬಿಸಿಯಾಗಿದ್ದರೂ 'ಇನ್ನೊಂದು ಪುಲ್ ಕೊಡಿ' ಅನ್ನುತ್ತಾರೆ. ಬೂಸ್ಟ್ (ಟರ್ಬೋದ ಪ್ರೆಶರ್) ಏರಿಸಿಕೊಂಡು ಬರುತ್ತಾರೆ. ಇನ್ನೊಂದು, ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಬಳಕೆಯ ಮಿತಿ ಅಂತ ಒಂದು ಕಡೆ ಬರೆದಿರುತ್ತದೆ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆಲ್ಲ ವಿಮೆ ಇಲ್ಲ. ರೋಲರ್ ಮೇಲೆ ಏನಾದರೂ ಆದರೆ ಕ್ಲೇಮ್ ಸಿಗುತ್ತದೆ ಅಂತ ಯಾರೂ ನಂಬಿಕೊಂಡು ಬರಬೇಡಿ. ಪ್ರತಿಯೊಬ್ಬರೂ ಅವರವರ ಜವಾಬ್ದಾರಿ ಅಂತ ಸಹಿ ಹಾಕಿಯೇ ಹತ್ತಿಸಬೇಕು.

ಒಬ್ಬರ ಕಾರಿನ ನಂಬರನ್ನು ಇನ್ನೊಬ್ಬರದ್ದರ ಜೊತೆ ಹೋಲಿಸುವುದರಲ್ಲಿ ನನಗೆ ಆಸಕ್ತಿಯೇ ಇಲ್ಲ. ನಿಮ್ಮ ಕಾರು ಇವತ್ತು ಹೇಗಿದೆ, ಇದೇ ರೋಲರ್ ಮೇಲೆ ಮುಂದಿನ ವರ್ಷ ಹೇಗಿರುತ್ತದೆ, ಅದು ಬೇಕಾದದ್ದು. ನೀವು ಹಾಕುವ 5,000ದಲ್ಲಿ ಇನ್ನೊಂದು ದೊಡ್ಡ ಫ್ಯಾನ್ ಬಾಡಿಗೆಗೆ ತರೋಣ. ಶೆಡ್‌ನಲ್ಲಿ ಒಂದೇ ಇದೆ. ರಸ್ತೆಯಲ್ಲಿ ರೇಡಿಯೇಟರ್‌ಗೆ ಬಡಿಯುವ ಗಾಳಿ ಅಲ್ಲಿ ಸಿಗುವುದಿಲ್ಲ. ಟರ್ಬೋ ಕಾರಿಗಂತೂ ಅದು ದೊಡ್ಡ ಉಪಕಾರ.

ಪಡುಬಿದ್ರಿ ಎನ್ ಲೈನ್ | ನವೆಂಬರ್ 9

ಸರಿ, ಒಪ್ಪಿದೆ. ಫ್ಯಾನ್ ನನ್ನ ಲೆಕ್ಕದಲ್ಲಿ. ಬೆಂಕಿ ಆರಿಸುವ ಸಿಲಿಂಡರ್ ಎರಡು ನಮ್ಮ ಅಂಗಡಿಯಲ್ಲಿ ಉಂಟು, ಅದನ್ನೂ ತರುತ್ತೇನೆ.

ಬಜ್ಪೆ ಲೀನಿಯಾ | ನವೆಂಬರ್ 10

ಭಾನುವಾರ ಬೆಳಗ್ಗೆ ಇಗರ್ಜಿಗೆ ಹೋಗಿ ಬರಬೇಕು. 11ರ ನಂತರ ಸ್ಲಾಟ್ ಕೊಡಿ ದಯವಿಟ್ಟು.

ಮೂಡುಬಿದಿರೆ ಬಲೆನೋ | ನವೆಂಬರ್ 10

ಕಂಬಳದ ಸೀಸನ್ ಅಲ್ವಾ, ಶನಿವಾರ ರಾತ್ರಿ ಇಡೀ ನಾನು ಅಲ್ಲೇ ಇರುತ್ತೇನೆ. ಜನವರಿಗೆ ಹಾಕಲು ಆಗುವುದಿಲ್ಲವಾ?

ಕಿನ್ನಿಗೋಳಿ ಸ್ವಿಫ್ಟ್ | ನವೆಂಬರ್ 10

ಜನವರಿ ಬೇಡ. ಪರ್ಯಾಯದ ವರ್ಷ. 18ರ ಆಸುಪಾಸು ಉಡುಪಿಯವರು ಯಾರೂ ಕೈಗೆ ಸಿಗುವುದಿಲ್ಲ. ನಿಮಗೆ ಮಧ್ಯಾಹ್ನ 3ಕ್ಕೆ ಕೊಡುತ್ತೇನೆ. ನಿದ್ದೆ ಮಾಡಿಯೇ ಬನ್ನಿ. ನಿದ್ದೆಗೆಟ್ಟು ಗಾಡಿ ಓಡಿಸಿಕೊಂಡು ಬರುವಷ್ಟು ದೊಡ್ಡದಲ್ಲ ಇದು.

ಸದ್ದಿನ ಬಗ್ಗೆ ಒಬ್ಬರು ಫೋನ್ ಮಾಡಿ ಕೇಳಿದರು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಕೈಗಾರಿಕಾ ಪ್ರದೇಶಕ್ಕೆ ಹಗಲು 75 ಡೆಸಿಬಲ್, ಮನೆಗಳಿರುವ ಕಡೆ 55. ಊರ ನಡುವಿನ ಗ್ಯಾರೇಜ್ ಬಿಟ್ಟು ಬೈಕಂಪಾಡಿಯನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ. ಆದರೂ ಸೈಲೆನ್ಸರ್ ಬಿಚ್ಚಿದ ಕಾರು ಬೇಡ. ಶೆಡ್ಡಿನ ಹೊರಗೆ ರಸ್ತೆಯಲ್ಲಿ ಯಾರೂ ರೇಸ್ ಕೊಡಬೇಡಿ. ಮಾಲೀಕರು ನಾಳೆಯೂ ಅಲ್ಲಿ ವ್ಯಾಪಾರ ಮಾಡಬೇಕು.

ಮಣಿಪಾಲ ಪೋಲೋ | ಡಿಸೆಂಬರ್, ಭಾನುವಾರ ರಾತ್ರಿ

ಈಗಷ್ಟೇ ಮನೆಗೆ ಬಂದೆ. ಮೊದಲು ನನ್ನ ನಂಬರ್ ಹೇಳಿಬಿಡುತ್ತೇನೆ. ಕರೆಕ್ಷನ್ ಇಲ್ಲದೆ, ಚಕ್ರದಲ್ಲಿ: ಮೊದಲ ಪುಲ್ 109, ಎರಡನೆಯದು 106, ಮೂರನೆಯದು 101. ನನ್ನ ಹಿಂದೆಯೇ ಕುಂದಾಪುರದವರ ಅದೇ ಮಾಡೆಲ್ ಪೋಲೋ, ರೀಮ್ಯಾಪ್ ಇಲ್ಲದ್ದು, ಓಡಿತು. ಅದರದ್ದು 93, 92, 92.

ಕಂಪನಿಯ 110 ಪಿಎಸ್ ಚಕ್ರದಲ್ಲಿ 93 ಆದರೆ, ಅದೇ ಲೆಕ್ಕದಲ್ಲಿ ನನ್ನ 109 ಎಂಜಿನ್ನಿನಲ್ಲಿ ಸುಮಾರು 129 ಪಿಎಸ್. ಅಂದರೆ ರೀಮ್ಯಾಪ್ ಮಾಡಿದವರು ಹೇಳಿದ 135 ಪಿಎಸ್ ಪೂರ್ತಿ ಸುಳ್ಳಲ್ಲ. ತಂಪಾಗಿರುವಾಗ ಅದರ ಹತ್ತಿರ ಬರುತ್ತದೆ. ಬಿಸಿಯಾದ ಮೇಲೆ ಜಾರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೋಡುತ್ತಿದ್ದೆವು. ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಪ್ರತಿ ಪುಲ್‌ಗೂ ಏರುತ್ತಿತ್ತು, ಇಗ್ನಿಷನ್ ಟೈಮಿಂಗ್ ಹಿಂದೆ ಸರಿಯುತ್ತಿತ್ತು, ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಹಾರಿ ಶಕ್ತಿ ಇಳಿಯುತ್ತಿತ್ತು. ಎರಡು ಫ್ಯಾನ್ ಇಟ್ಟೂ ಹೀಗೆ. ಮೊದಲೇ ಈ ಮೂರು ಗೆರೆಗಳನ್ನು ನನಗೆ ಕೊಟ್ಟಿದ್ದರೆ ನಾನು ಇನ್ನೂ ಸಂತೋಷದಿಂದ ದುಡ್ಡು ಕೊಡುತ್ತಿದ್ದೆ. ಬೇರೆಯವರ ಗ್ರಾಫ್ ಕಳಿಸುವ ಅಗತ್ಯವೇ ಇರಲಿಲ್ಲ.

ಸುರತ್ಕಲ್ ಸಿಟಿ | ಡಿಸೆಂಬರ್, ಭಾನುವಾರ ರಾತ್ರಿ

ನನಗೆ 97! ಅದೇ ಕಾರು, ಅದೇ ಎಂಜಿನ್, ಬೆಂಗಳೂರಿನಲ್ಲಿ 90. ಡೈನೋ ಬೇರೆ, ಹಾಗಾಗಿ ಪೂರ್ತಿ ಹೋಲಿಸಬಾರದು ಅಂತ ಗೊತ್ತು. ಆದರೂ ನೀವು ಹೇಳಿದ ಶೇಕಡಾ 7-8ರ ಲೆಕ್ಕಕ್ಕೇ ಬಂದು ಕೂತಿತು. ಮನೆಯಲ್ಲಿ ಎಲ್ಲರಿಗೂ ಹೇಳಿಯಾಯಿತು.

ಕಿನ್ನಿಗೋಳಿ ಸ್ವಿಫ್ಟ್ | ಡಿಸೆಂಬರ್, ಸೋಮವಾರ

ಬಂದವರಿಗೆಲ್ಲ ಮನಸಾರೆ ಧನ್ಯವಾದ. 14ರಲ್ಲಿ 13 ಕಾರು ಓಡಿದವು. ಉಳ್ಳಾಲದ ಥಾರ್ ಗೆಳೆಯರ ಕಂಪನಿ ಟೈರ್ ಹಾಕಿಕೊಂಡು ಬಂದಿತ್ತು, ಚೆನ್ನಾಗಿ ಓಡಿತು. ಓಡದೆ ಉಳಿದದ್ದು ಬಲೆನೋ. ಮುಂದಿನ ಟೈರಿನ ಒಳಬದಿಯಲ್ಲಿ ಉಬ್ಬು ಇತ್ತು, ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ. ಕದ್ರಿಯವರು ಕೈ ಹಾಕಿ ಸವರಿ ಹಿಡಿದರು. ಹುಡುಗನ ಮುಖ ಬಾಡಿತು, ನನಗೂ ಕಷ್ಟವಾಯಿತು. ಆದರೆ ಅದೇ ಟೈರಿನಲ್ಲಿ ಅವನು ಹೆದ್ದಾರಿಯಲ್ಲಿ ಬಂದಿದ್ದ. ಅವನ 2,000 ವಾಪಸ್ ಕೊಟ್ಟಿದ್ದೇವೆ.

ನನ್ನ ಸ್ವಿಫ್ಟ್ ಬೆಳಗ್ಗೆ 62, ಸಂಜೆ 60. ಅಂದರೆ ಮಧ್ಯಾಹ್ನ ಓಡಿಸಿದವರು ಒಂದೆರಡು ಬಿಎಚ್‌ಪಿಗೆ ತಲೆ ಕೆಡಿಸಿಕೊಳ್ಳಬೇಡಿ.

ನಡುವೆ ಒಂದು ಸಲ ಎದೆ ಧಸಕ್ಕೆಂದಿತು. ಆರನೇ ಕಾರಿನ ಎಡಗಡೆ ರ್‍ಯಾಚೆಟ್ ಬೆಲ್ಟ್ ಸ್ವಲ್ಪ ಸಡಿಲವಾಗಿತ್ತು. ಪುಲ್ ಶುರುವಾದ ಕೂಡಲೇ ಮೂತಿ ಬಲಕ್ಕೆ ಎಳೆಯಿತು. ಕದ್ರಿಯವರು ಕೈ ಎತ್ತಿದರು, ಓಡಿಸುತ್ತಿದ್ದವರು ತಕ್ಷಣ ಕಾಲು ತೆಗೆದರು. ಎರಡು ಸೆಕೆಂಡಿನ ವಿಷಯ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು ಅಂತ ಹಗ್ಗ ಕಟ್ಟಿದ್ದು ಒಳ್ಳೆಯದಾಯಿತು. ಮುಂದಿನ ಸಲ ಬೆಲ್ಟ್ ಬಿಗಿಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು.

ಲೀನಿಯಾದವರ ಗ್ರಾಫಿನಲ್ಲಿ ಆರ್‌ಪಿಎಂ ಏರಿದರೂ ರೋಲರ್ ವೇಗ ಅಷ್ಟು ಏರಲಿಲ್ಲ. ಕ್ಲಚ್ ಜಾರುತ್ತಿದೆ. ರಸ್ತೆಯಲ್ಲಿ ಇನ್ನೂ ಗೊತ್ತಾಗುವ ಹಂತಕ್ಕೆ ಬಂದಿಲ್ಲವಂತೆ. ಚಾರ್ಮಾಡಿ ಏರುವಾಗ ಗೊತ್ತಾಗುವ ಬದಲು ಇಲ್ಲಿ ಗೊತ್ತಾಯಿತು.

ಲೆಕ್ಕ: ಶೆಡ್ಡಿಗೆ 26,000. ಊಟ, ಗೋಳಿಬಜೆ, ಚಾಗೆ ತಲೆಗೆ 200ರಂತೆ 31 ಜನರಿಂದ 6,200 ಸೇರಿತ್ತು. ಖರ್ಚು 5,640. ಉಳಿದ 560 ರೂಪಾಯಿಗೆ ಒಂದು ಒಳ್ಳೆಯ ಟೈರ್ ಪ್ರೆಶರ್ ಗೇಜ್ ತರುತ್ತೇನೆ. ನೀಲಿ ಹಿಡಿಯ 17ರ ಸ್ಪ್ಯಾನರ್ ಒಂದು ಶೆಡ್‌ನಲ್ಲೇ ಉಳಿದಿದೆ. ಯಾರದ್ದು ಅಂತ ತಿಳಿಸಿ.

ಕಟಪಾಡಿ 800 | ಡಿಸೆಂಬರ್, ಸೋಮವಾರ

ಸ್ಪ್ಯಾನರ್ ನನ್ನದು, ಅಣ್ಣ. ಶನಿವಾರ ಬಂದು ತೆಗೆದುಕೊಳ್ಳುತ್ತೇನೆ.

29 ಬಿಎಚ್‌ಪಿ. ಸ್ಕ್ರೀನಿನ ಮೇಲೆ ಅದು ಬಂದಾಗ ನೀವೆಲ್ಲ ಚಪ್ಪಾಳೆ ತಟ್ಟಿದ್ದನ್ನು ನಾನು ಮರೆಯುವುದಿಲ್ಲ. ರಾತ್ರಿ ಪ್ರಿಂಟನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಗೆರೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೊನೆಯವರೆಗೆ ಹೋದರು. 'ಇಲ್ಲಿ ಸ್ವಲ್ಪ ನಡುಗಿದೆ ನೋಡು' ಅಂದರು. ನಿಜ, 4,500ರ ಹತ್ತಿರ ಗೆರೆ ಅಂಕುಡೊಂಕು. 'ಪ್ಲಗ್ ವೈರ್ ಹಳತಾಗಿದೆ, ಬದಲಿಸು. ಇನ್ನೂ ಒಂದು ಬಂದೀತು' ಅಂದರು. ವೈರ್ ಆರ್ಡರ್ ಮಾಡಿದ್ದೇನೆ. ಮುಂದಿನ ಸಲಕ್ಕೂ 10 ಗಂಟೆ ಸ್ಲಾಟ್ ನನಗೇ ಇರಲಿ. ಅಪ್ಪನೂ ಬರುತ್ತಾರಂತೆ.